ಹಲವು ಪ್ರೋಗ್ರಾಮುಗಳ ಪಾಲಿನ ಒಂದೇ ಎಂಜಿನು

ಕಂಪ್ಯೂಟರಿಗೆ ಹೊಸ ಪ್ರೋಗ್ರಾಮೊಂದನ್ನು ಹಾಕುವ ಕೆಲಸ ನೋಡುವವರಿಗೆ ಬಹು ಸುಲಭವಾಗಿ ಕಾಣುತ್ತದೆ. ‘ಸೆಟಪ್’ ಎಂಬ ಹೆಸರಿನ ಕಡತವೊಂದನ್ನು ತೆರೆಯುತ್ತೇವೆ. ಎರಡು ಮೂರು ಪ್ರಶ್ನೆಗಳಿಗೆ ಒಪ್ಪಿಗೆ ಸೂಚಿಸುತ್ತೇವೆ. ತೆರೆಯ ಮೇಲಿನ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತ ಬರುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಆ ಪಟ್ಟಿ ತುಂಬುವಷ್ಟು ಹೊತ್ತಿನಲ್ಲಿ ಒಳಗೆ ನಡೆದುದೇನೆಂದು ಕೇಳುವವರು ವಿರಳ. ಹೊಸ ಪ್ರೋಗ್ರಾಮಿನ ಸ್ವಂತ ಕಡತಗಳನ್ನು ಡಿಸ್ಕಿನ ಮೇಲೆ ಇಳಿಸಿದುದಷ್ಟೇ ಆಗಿದ್ದರೆ ಕೇಳಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಲೆಕ್ಕಪತ್ರ, ದಾಸ್ತಾನು, ಸದಸ್ಯರ ಪಟ್ಟಿ ಮುಂತಾದವನ್ನು ಇಡುವ ಅನೇಕ ಪ್ರೋಗ್ರಾಮುಗಳಲ್ಲಿ, ಹಾಗೆ ಇಳಿಯುವ ಸರಕಿನ ದೊಡ್ಡ ಭಾಗ ಪ್ರೋಗ್ರಾಮು ಬರೆದವನ ಸ್ವತ್ತಲ್ಲ. ಆ ಕಂಪ್ಯೂಟರಿನಲ್ಲಿ ಮುಂಚಿನಿಂದ ಇರುವ ಬೇರೆ ಪ್ರೋಗ್ರಾಮುಗಳಿಗೂ ಅದು ಬೇಕು. ಅದನ್ನು ಹೇಗೆ ಇಳಿಸಬೇಕು, ಹೇಗೆ ಇಳಿಸಬಾರದು ಎಂಬುದು ಸಣ್ಣ ವಿಚಾರವಲ್ಲ.

ಔಷಧದ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಅಲ್ಲಿಯ ದಾಸ್ತಾನಿನ ಪ್ರೋಗ್ರಾಮು ಸಾವಿರಾರು ಔಷಧಗಳ ಹೆಸರು, ಬೆಲೆ, ಅವಧಿ ಮುಗಿಯುವ ದಿನ ಇವುಗಳನ್ನು ನೆನಪಿಡಬೇಕು. ಕೇಳಿದೊಡನೆ ಹುಡುಕಿ ಕೊಡಬೇಕು. ಇಬ್ಬರು ಏಕಕಾಲಕ್ಕೆ ಒಂದೇ ದಾಖಲೆಯನ್ನು ತಿದ್ದಹೊರಟರೆ ಒಬ್ಬರನ್ನು ತಡೆದು ನಿಲ್ಲಿಸಬೇಕು. ಔಷಧದ ಅಂಗಡಿಯಲ್ಲಿ ಮಾತ್ರವೇ ಅಲ್ಲ, ಗ್ರಂಥಾಲಯದಲ್ಲಿ, ಸಹಕಾರ ಸಂಘದಲ್ಲಿ, ಎಲ್ಲೆಡೆಯೂ ಈ ಕೆಲಸದ ಸ್ವರೂಪ ಒಂದೇ. ಆದುದರಿಂದ ಇದಿಷ್ಟನ್ನು ಪ್ರತ್ಯೇಕವಾಗಿ ಒಂದೆಡೆ ಬರೆದಿಟ್ಟು, ಎಲ್ಲ ಪ್ರೋಗ್ರಾಮುಗಳೂ ಅದನ್ನು ಕರೆದು ಬಳಸುವಂತೆ ಮಾಡುವುದು ಜಾಣತನ. ಹೀಗೆ ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು, ನಡೆಸಿಕೊಡುವ ಭಾಗಕ್ಕೆ ಎಂಜಿನು ಎಂದು ಹೆಸರು.

ಇಂಥ ಎಂಜಿನುಗಳು ಹಲವಿವೆ. ಅಮೆರಿಕದ ಬೋರ್ಲೆಂಡ್ ಸಂಸ್ಥೆ ೧೯೯೫ರಲ್ಲಿ ಡೆಲ್ಫಿ ಎಂಬ ಪ್ರೋಗ್ರಾಮು ರಚಿಸುವ ಸಾಧನವನ್ನು ಹೊರತಂದಾಗ ಅದರೊಡನೆ ಕೊಟ್ಟ ಎಂಜಿನನ್ನೇ ನಾವಿಲ್ಲಿ ಮಾದರಿಯಾಗಿ ಇಟ್ಟುಕೊಳ್ಳುತ್ತೇವೆ. ಬೋರ್ಲೆಂಡ್ ಡೇಟಾಬೇಸ್ ಎಂಜಿನ್, ಅಡಕವಾಗಿ ಬಿ.ಡಿ.ಇ., ಎಂಬುದು ಅದರ ಹೆಸರು. ಪ್ಯಾರಡಾಕ್ಸ್, ಡಿಬೇಸ್ ಎಂಬ ಎರಡು ಬಗೆಯ ಕೋಷ್ಟಕಗಳನ್ನು ಅದು ನೇರವಾಗಿ ಓದಿ ಬರೆಯಬಲ್ಲದು. ಅದು ಒಂದೇ ಕಡತವಲ್ಲ; ಐಡಿಎಪಿಐ೩೨ ಎಂಬುದು ಮುಖ್ಯವಾದದ್ದು, ಪ್ಯಾರಡಾಕ್ಸಿಗೆ ಐಡಿಪಿಡಿಎಕ್ಸ್೩೨, ಡಿಬೇಸಿಗೆ ಐಡಿಡಿಬಿಎಎಸ್೩೨, ಹೀಗೆ ಕೆಲಸಕ್ಕೊಂದರಂತೆ ಡಿ.ಎಲ್.ಎಲ್. ಕಡತಗಳ ಒಂದು ತಂಡ. ಡಿ.ಎಲ್.ಎಲ್. ಎಂದರೆ ಡೈನಮಿಕ್ ಲಿಂಕ್ ಲೈಬ್ರರಿ. ಪ್ರೋಗ್ರಾಮು ಓಡುತ್ತಿರುವಾಗ, ಬೇಕೆನಿಸಿದ ಗಳಿಗೆಯಲ್ಲಿ, ಕರೆದು ಸೇರಿಸಿಕೊಳ್ಳುವ ಭಾಗ.

ಹೀಗೆ ಹಂಚಿಕೊಳ್ಳುವ ಆಸೆಗೆ ಆ ಕಾಲದ ಬಡತನವೂ ಒಂದು ಕಾರಣ. ೧೯೯೫ರ ವಿಂಡೋಸ್ ೯೫ಕ್ಕೆ ಕನಿಷ್ಠಪಕ್ಷ ೪ ಮೆಗಾಬೈಟು ಸ್ಮೃತಿ ಸಾಕೆಂದು ಹೇಳುತ್ತಿದ್ದರು. ಸರಕು ಸಾಗಿಸುವ ಫ್ಲಾಪಿ ಡಿಸ್ಕು ಹಿಡಿಯುತ್ತಿದ್ದುದು ೧.೪೪ ಮೆಗಾಬೈಟು. ಮೂರು ಪ್ರೋಗ್ರಾಮುಗಳು ಒಂದೇ ಎಂಜಿನಿನ ಮೂರು ಪ್ರತಿಗಳನ್ನು ಇಟ್ಟುಕೊಳ್ಳುವುದು ಆಗ ದುಂದುವೆಚ್ಚ. ನಮ್ಮ ಅನೇಕ ಹಳ್ಳಿಗಳಲ್ಲಿ ಮದುವೆಯ ಅಡಿಗೆಗೆ ಬೇಕಾಗುವ ಕೊಪ್ಪರಿಗೆ ಹಂಡೆಗಳನ್ನು ದೇವಸ್ಥಾನದಲ್ಲಿ ಊರೊಟ್ಟಿಗೆ ಇರಿಸಿರುವುದುಂಟು. ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆಯನ್ನು ಮನೆಮನೆಯಲ್ಲಿ ಕೊಂಡಿಡುವವರು ಯಾರು? ಆದರೆ ಪಾತ್ರೆ ಎಲ್ಲರದಾದೊಡನೆ ಅದನ್ನು ಯಾರು ಬದಲಿಸಬಹುದು, ಯಾರು ಹೊರಗೆ ಹಾಕಬಹುದು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಕಂಪ್ಯೂಟರಿನೊಳಗೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಸ್ಥಾಪಕ, ಎಂದರೆ ಆ ಸೆಟಪ್ ಕಡತ.

ಮೊದಲನೆಯ ತೊಡಕು ಹಳತು ಹೊಸತಿನದು. ಕಂಪ್ಯೂಟರಿನಲ್ಲಿ ಎಂಜಿನಿನ ಹೊಸ ಆವೃತ್ತಿ ಇದೆಯೆಂದುಕೊಳ್ಳೋಣ. ಎರಡು ವರ್ಷಗಳ ಹಿಂದೆ ಕಟ್ಟಿದ ಇನ್ನೊಂದು ಪ್ರೋಗ್ರಾಮನ್ನು ಈಗ ಹಾಕುತ್ತೇವೆ. ಅದರ ಪೆಟ್ಟಿಗೆಯಲ್ಲಿ ಹಳೆಯ ಆವೃತ್ತಿ ಇದೆ. ಸ್ಥಾಪಕವು ಕಣ್ಣು ಮುಚ್ಚಿಕೊಂಡು ಹೊಸದರ ಮೇಲೆ ಹಳೆಯದನ್ನು ಹೇರಿದರೆ, ಹೊಸ ಆವೃತ್ತಿಯನ್ನು ನಂಬಿದ್ದ ಪ್ರೋಗ್ರಾಮು ಮರುದಿನ ಬೆಳಗ್ಗೆ ಏಳುವುದಿಲ್ಲ. ಅಪರಾಧಿ ಒಬ್ಬ, ಬೈಸಿಕೊಳ್ಳುವವನು ಇನ್ನೊಬ್ಬ. ತೊಂಬತ್ತರ ದಶಕದಲ್ಲಿ ಇಂಥ ಅನರ್ಥಗಳು ಎಷ್ಟು ಹೆಚ್ಚಿದುವೆಂದರೆ, ‘ಡಿ.ಎಲ್.ಎಲ್. ನರಕ’ ಎಂಬ ಹೆಸರೇ ಬಳಕೆಗೆ ಬಂದಿತು. ಪರಿಹಾರ ಕಷ್ಟದ್ದಲ್ಲ. ಪ್ರತಿಯೊಂದು ಡಿ.ಎಲ್.ಎಲ್. ಕಡತದೊಳಗೂ ನಾಲ್ಕು ಭಾಗಗಳ ಆವೃತ್ತಿಸಂಖ್ಯೆಯನ್ನು ಕೆತ್ತಿಡಬಹುದು, ೫.೧.೧.೧ ಮತ್ತು ೫.೨.೦.೨ ಎಂಬುವು ಬಿ.ಡಿ.ಇ.ಯ ಎರಡು ಆವೃತ್ತಿಗಳು. ಸ್ಥಾಪಕವು ಅವನ್ನು ಎಡದಿಂದ ಒಂದೊಂದು ಭಾಗವಾಗಿ ಹೋಲಿಸಿ, ತಾನು ತಂದದ್ದು ಹಿರಿದಾದರೆ ಮಾತ್ರ ಇಳಿಸಬೇಕು. ಭಾಗವನ್ನು ಸಂಖ್ಯೆಯೆಂದೇ ಎಣಿಸಬೇಕೆಂಬುದನ್ನು ಮರೆಯಬಾರದು. ಅಕ್ಷರಗಳೆಂದು ಹೋಲಿಸಿದರೆ ಹತ್ತು ಒಂಬತ್ತಕ್ಕಿಂತ ಕಿರಿದಾಗಿ ಕುಳಿತುಕೊಳ್ಳುತ್ತದೆ. ಕಡತದ ದಿನಾಂಕವನ್ನು ನಂಬುವುದಂತೂ ಸಲ್ಲದು; ನಕಲು ಮಾಡುವ ರೀತಿಯಲ್ಲೇ ಅದು ಬದಲಾಗಿಬಿಡಬಹುದು.

ಇದಕ್ಕೂ ಮೇಲೆ ಇನ್ನೊಂದು ಸೂಕ್ಷ್ಮವುಂಟು. ಎಂಜಿನು ಒಂದು ತಂಡವೆಂದೆವಷ್ಟೆ. ತಂಡದಲ್ಲಿ ಮೂವರು ಹೊಸಬರು, ನಾಲ್ವರು ಹಳಬರು ಎಂದಾದರೆ ಪ್ರತಿಯೊಂದು ಕಡತವೂ ನಿರ್ದೋಷವಾಗಿದ್ದು ಒಟ್ಟು ಕೆಲಸ ಮಾತ್ರ ಕೆಡುತ್ತದೆ. ಆದುದರಿಂದ ಎಂಜಿನನ್ನು ಬಿಡಿಬಿಡಿಯಾಗಿ ಹೊರಬಾರದು, ಅಖಂಡವಾಗಿ ತರಬೇಕು. ಬೋರ್ಲೆಂಡ್ ಸಂಸ್ಥೆ ಇದಕ್ಕೆ ಒಳ್ಳೆಯ ಏರ್ಪಾಟು ಮಾಡಿತ್ತು. ಡೆಲ್ಫಿಯ ಜೊತೆಗೆ ಬರುತ್ತಿದ್ದ ಇನ್‌ಸ್ಟಾಲ್‌ಶೀಲ್ಡ್ ಎಕ್ಸ್‌ಪ್ರೆಸ್ ಎಂಬ ಸ್ಥಾಪಕ ರಚಿಸುವ ಸಾಧನಕ್ಕೆ ಬಿ.ಡಿ.ಇ.ಯನ್ನು ಸೇರಿಸಿಕೊಳ್ಳುವ ಕ್ರಮ ಗೊತ್ತಿತ್ತು. ಬೇರೆ ಸ್ಥಾಪಕ ಬಳಸುವವರಿಗೆ ಬಿಡಿಇಐಎನ್‌ಎಸ್‌ಟಿ ಎಂಬ ಒಂದೇ ಡಿ.ಎಲ್.ಎಲ್. ಇತ್ತು, ಅದನ್ನು ವಿಂಡೋಸಿನಲ್ಲಿ ನೋಂದಾಯಿಸಿದರೆ ಸಾಕು, ಹೊಟ್ಟೆಯಲ್ಲಿದ್ದ ಇಡೀ ಎಂಜಿನನ್ನು ತಾನೇ ಹೊರತೆಗೆದು ಹೂಡುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯೂ ತನ್ನ ಎಂ.ಡಿ.ಎ.ಸಿ. ಎಂಬ ದತ್ತಾಂಶ ಘಟಕಗಳ ಕಟ್ಟನ್ನು ಬಿಚ್ಚದೆ ಒಟ್ಟಾಗಿಯೇ ಕೊಡಬೇಕೆಂದು ಗೊತ್ತುಮಾಡಿತ್ತು. ಆದರೆ ಕಟ್ಟಿನೊಳಗಣ ಸಾಮಾನು ಸದಾ ಒಂದೇ ಎಂದು ನಂಬಿದವರು ಮೋಸಹೋದರು. ೨೦೦೦ದಲ್ಲಿ ಬಂದ ೨.೬ನೆಯ ಆವೃತ್ತಿಯಿಂದ ಮೊದಲುಗೊಂಡು ಜೆಟ್ ಎಂಬ ಎಂಜಿನನ್ನು ಆ ಕಟ್ಟಿನಿಂದ ತೆಗೆದುಹಾಕಲಾಯಿತು. ಹೊಸ ಕಟ್ಟಿನಲ್ಲಿ ಹಳೆಯದೆಲ್ಲ ಇದ್ದೇ ಇರುತ್ತದೆಂದು ತಿಳಿದವರ ಪ್ರೋಗ್ರಾಮಿಗೆ ಗಿರಾಕಿಯ ಮನೆಯಲ್ಲಿ ಎಂಜಿನೇ ಸಿಕ್ಕದಾಯಿತು.

ಎರಡನೆಯ ತೊಡಕು ಇದಕ್ಕಿಂತ ಗಹನವಾದದ್ದು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯಕಾರಿ. ಬಿ.ಡಿ.ಇ. ತನ್ನ ನೆನಪಿನ ಮುಖ್ಯ ಭಾಗವನ್ನು ಐಡಿಎಪಿಐ೩೨.ಸಿಎಫ್‌ಜಿ ಎಂಬ ಒಂದು ಕಡತದಲ್ಲಿ ಇಡುತ್ತದೆ. ಯಾವ ಪ್ರೋಗ್ರಾಮಿನ ಕೋಷ್ಟಕಗಳು ಎಲ್ಲಿವೆ ಎಂಬುದು ಅದರಲ್ಲಿ ಅಲಿಯಾಸ್, ಎಂದರೆ ಅಡ್ಡಹೆಸರು, ಎಂಬ ರೂಪದಲ್ಲಿ ಬರೆದಿರುತ್ತದೆ. ‘ದಾಸ್ತಾನು’ ಎಂಬ ಅಡ್ಡಹೆಸರು ಡಿಸ್ಕಿನ ಇಂಥ ಜಾಗವನ್ನು ಸೂಚಿಸುತ್ತದೆಂದು ಒಮ್ಮೆ ಬರೆದಿಟ್ಟರೆ, ಪ್ರೋಗ್ರಾಮು ಜಾಗವನ್ನು ಕೇಳುವುದೇ ಇಲ್ಲ. ಹೆಸರು ಹೇಳುತ್ತದೆ, ಎಂಜಿನು ಬಾಗಿಲು ತೋರಿಸುತ್ತದೆ. ಈ ಕಡತ ಎಲ್ಲಿದೆ, ಎಂಜಿನು ಎಲ್ಲಿದೆ ಎಂಬೆರಡು ಸಂಗತಿಗಳು ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಇಡೀ ಕಂಪ್ಯೂಟರಿಗೆ ಒಂದೇ ಕಡೆ, ದಾಖಲಾಗಿರುತ್ತವೆ.

ಈಗ ನಮ್ಮ ಔಷಧದ ಅಂಗಡಿಗೆ ಮರಳೋಣ. ದಾಸ್ತಾನಿನ ಪ್ರೋಗ್ರಾಮು ಮೂರು ವರ್ಷಗಳಿಂದ ನಡೆಯುತ್ತಿದೆ. ಯಜಮಾನರು ಸಂಬಳದ ಲೆಕ್ಕಕ್ಕೆಂದು ಇನ್ನೊಂದು ಪ್ರೋಗ್ರಾಮನ್ನು ತಂದು ಹಾಕಿಸುತ್ತಾರೆ. ಅದರ ಸ್ಥಾಪಕವನ್ನು ಕಟ್ಟಿದವನು ತನ್ನ ಮೇಜಿನ ಮೇಲಿದ್ದ ಸಿಎಫ್‌ಜಿ ಕಡತವನ್ನೇ ಪೆಟ್ಟಿಗೆಗೆ ಹಾಕಿದ್ದಾನೆ. ಅದರಲ್ಲಿರುವುದು ‘ಸಂಬಳ’ ಎಂಬ ಒಂದೇ ಅಡ್ಡಹೆಸರು. ಹಳೆಯ ಕಡತದ ಮೇಲೆ ಹೊಸ ಕಡತ ಕುಳಿತುಕೊಳ್ಳುತ್ತದೆ. ಅಥವಾ, ಎಂಜಿನಿನ ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲಿ ಇಳಿಸಿ ರಿಜಿಸ್ಟ್ರಿಯನ್ನು ಅದರ ಕಡೆಗೆ ತಿರುಗಿಸಿಬಿಡುತ್ತಾನೆ, ಫಲ ಒಂದೇ. ಮರುದಿನ ದಾಸ್ತಾನಿನ ಪ್ರೋಗ್ರಾಮು ‘ಇಂಥ ದತ್ತಸಂಚಯ ಗೊತ್ತಿಲ್ಲ’ ಎನ್ನುತ್ತದೆ. ದಾಖಲೆಗಳೆಲ್ಲ ಡಿಸ್ಕಿನ ಮೇಲೆ ಕ್ಷೇಮವಾಗಿವೆ, ಒಂದು ಅಕ್ಷರವೂ ಅಳಿದಿಲ್ಲ. ಆದರೆ ಯಜಮಾನರಿಗೆ ಅದು ತಿಳಿಯುವುದು ಹೇಗೆ? ಮೂರು ವರ್ಷದ ಲೆಕ್ಕ ಹೋಯಿತೆಂದು ಗಾಬರಿಗೊಂಡು, ಹೋದ ತಿಂಗಳು ತೆಗೆದಿಟ್ಟಿದ್ದ ನಕಲನ್ನು ಇಂದಿನ ದಾಖಲೆಗಳ ಮೇಲೆಯೇ ಇಳಿಸಿದರೆಂದರೆ, ಆಗ ನಿಜವಾಗಿಯೂ ಒಂದು ತಿಂಗಳ ಲೆಕ್ಕ ಹೋದಂತೆಯೇ. ಸ್ಥಾಪಕ ಮುಚ್ಚಿದ್ದು ಬಾಗಿಲನ್ನು ಮಾತ್ರ. ಮನೆಯನ್ನು ಕೆಡವಿದ್ದು ಗಾಬರಿ.

ಸರಿಯಾದ ಕ್ರಮ ಹೀಗೆ: ಸ್ಥಾಪಕವು ಮೊದಲು ರಿಜಿಸ್ಟ್ರಿಯನ್ನು ನೋಡಿ, ಎಂಜಿನು ಮುಂಚೆಯೇ ಇದೆಯೋ ಎಂದು ವಿಚಾರಿಸಬೇಕು. ಇದ್ದರೆ ಅದೇ ಜಾಗದಲ್ಲಿ, ಆವೃತ್ತಿ ಹೋಲಿಸಿ, ಮುಂದುವರಿಯಬೇಕು. ಸಿಎಫ್‌ಜಿ ಕಡತವನ್ನು ಎಂದಿಗೂ ಬದಲಿಸದೆ, ಎಂಜಿನಿನ ಮೂಲಕವೇ ಅದನ್ನು ತೆರೆಯಿಸಿ, ತನ್ನ ಒಂದು ಅಡ್ಡಹೆಸರನ್ನು ಮಾತ್ರ ಸೇರಿಸಬೇಕು. ಅದೇ ಹೆಸರು ಬೇರೆಯವರದಾಗಿ ಅಲ್ಲಿದ್ದರೆ? ಆದಕಾರಣವೇ ‘ಡೇಟಾ’, ‘ಮೇನ್’ ಮುಂತಾದ ಸರ್ವಸಾಧಾರಣ ಹೆಸರುಗಳನ್ನು ಬಿಟ್ಟು ಇನ್ನಾರಿಗೂ ತೋಚದ ಹೆಸರನ್ನು ಆರಿಸಿಕೊಳ್ಳುವುದು ಲೇಸು.

ಜಾಲದ ಮೂಲಕ ಹಲವರು ಒಂದೇ ಪ್ಯಾರಡಾಕ್ಸ್ ಕೋಷ್ಟಕವನ್ನು ಬಳಸುವಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ಯಾರು ಯಾವುದನ್ನು ಹಿಡಿದಿದ್ದಾರೆಂಬ ಲೆಕ್ಕಕ್ಕೆ ಪಿಡಾಕ್ಸ್‌ಯೂಸರ್ಸ್ ಎಂಬ ನೆಟ್ ಕಡತವೊಂದುಂಟು. ಎಲ್ಲ ಕಂಪ್ಯೂಟರುಗಳೂ ಒಂದೇ ನೆಟ್ ಕಡತವನ್ನು ನೋಡುತ್ತಿರಬೇಕು. ಒಂದು ಕಂಪ್ಯೂಟರಿನ ಸ್ಥಾಪಕ ಅದರ ಜಾಗವನ್ನು ಬದಲಿಸಿದರೆ, ಎಂಜಿನು ದೋಷ ಹೇಳಿ ಕೋಷ್ಟಕವನ್ನು ತೆರೆಯಲು ಒಪ್ಪುವುದಿಲ್ಲ. ಈ ಹಟ ಒಳ್ಳೆಯದೇ. ಇಬ್ಬರು ಪಹರೆಯವರು ಎರಡು ಬೇರೆ ಬೇರೆ ಪುಸ್ತಕದಲ್ಲಿ ಹಾಜರಿ ಬರೆಯುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದು ಮೇಲು.

ಇನ್ನು ತೆಗೆದುಹಾಕುವ ವಿಚಾರ. ಸಂಬಳದ ಪ್ರೋಗ್ರಾಮು ಬೇಡವಾಯಿತು. ಹೋಗುವಾಗ ಅದು ಎಂಜಿನನ್ನೂ ಹೊತ್ತುಕೊಂಡು ಹೋಗಬೇಕೆ? ವಿಂಡೋಸ್ ೯೫ರ ಕಾಲದಿಂದ ರಿಜಿಸ್ಟ್ರಿಯಲ್ಲಿ ‘ಶೇರ್ಡ್ ಡಿ.ಎಲ್.ಎಲ್.ಗಳು’ ಎಂಬ ಪಟ್ಟಿಯಿದೆ. ಪ್ರತಿಯೊಂದು ಕಡತದ ಎದುರಿಗೆ ಒಂದು ಸಂಖ್ಯೆ. ಇಳಿಸಿದವರು ಒಂದು ಕೂಡಿಸಬೇಕು, ಬಿಟ್ಟುಹೋಗುವವರು ಒಂದು ಕಳೆಯಬೇಕು. ಸೊನ್ನೆಯಾದಾಗ ಕಡತವನ್ನು ಅಳಿಸಬಹುದು. ಉಪಾಯ ಚೆನ್ನಾಗಿದೆ, ಆದರೆ ಎಲ್ಲರೂ ಪ್ರಾಮಾಣಿಕವಾಗಿ ಎಣಿಸಿದರೆ ಮಾತ್ರ. ಎಣಿಸದೆ ಇಳಿಸಿದವರುಂಟು, ಒಂದೇ ಪ್ರೋಗ್ರಾಮನ್ನು ಎರಡು ಸಲ ಹಾಕಿದಾಗ ಎರಡು ಸಲ ಎಣಿಸಿದವರುಂಟು. ಕೊನೆಗೆ ಸಂದೇಹ ಬಂದಾಗ ‘ಈ ಕಡತವನ್ನು ಇನ್ನಾರೂ ಬಳಸುತ್ತಿಲ್ಲವೆಂದು ತೋರುತ್ತದೆ, ಅಳಿಸಲೆ?’ ಎಂದು ಯಜಮಾನರನ್ನೇ ಕೇಳುವುದು. ಔಷಧ ಮಾರುವವರಿಗೆ ಐಡಿಪಿಡಿಎಕ್ಸ್೩೨ರ ಕುಲಗೋತ್ರ ಹೇಗೆ ತಿಳಿಯಬೇಕೋ ನಾವರಿಯೆವು! ಲೆಕ್ಕ ತಪ್ಪುವುದಾದರೆ ಹೆಚ್ಚಿನ ಕಡೆಗೆ ತಪ್ಪುವುದು ಕ್ಷೇಮ: ಬೇಡದ ಕಡತ ಉಳಿದರೆ ಸ್ವಲ್ಪ ಜಾಗ ನಷ್ಟ, ಬೇಕಾದ ಕಡತ ಅಳಿದರೆ ಅಂಗಡಿಯ ಕೆಲಸವೇ ನಷ್ಟ.

೧೯೯೯ರಲ್ಲಿ ಆಫೀಸ್ ೨೦೦೦ದೊಡನೆ ಬಂದ ವಿಂಡೋಸ್ ಇನ್‌ಸ್ಟಾಲರ್ ಈ ಎಣಿಕೆಯನ್ನು ತಿದ್ದಿತು. ಅದರಲ್ಲಿ ಪ್ರತಿಯೊಂದು ಘಟಕಕ್ಕೂ ೧೨೮ ಬಿಟ್ಟುಗಳ ಒಂದು ಗುರುತುಸಂಖ್ಯೆ. ಅದನ್ನು ಬಳಸುವವರು ಎಷ್ಟು ಮಂದಿ ಎಂದು ಮಾತ್ರವಲ್ಲ, ಯಾರು ಯಾರು ಎಂಬ ಪಟ್ಟಿಯೇ ಇರುತ್ತದೆ. ಒಬ್ಬನೇ ಎರಡು ಸಲ ಬಂದರೂ ಪಟ್ಟಿಯಲ್ಲಿ ಹೆಸರು ಒಂದೇ. ಆದರೆ ಇದಕ್ಕೆ ಒಂದು ನಿಯಮವುಂಟು: ಒಂದೇ ಕಡತವನ್ನು ಇಬ್ಬರು ತಂದರೆ ಇಬ್ಬರೂ ಒಂದೇ ಗುರುತುಸಂಖ್ಯೆಯಿಂದ ತರಬೇಕು. ಇಲ್ಲವಾದರೆ ಇನ್‌ಸ್ಟಾಲರು ಅವನ್ನು ಬೇರೆ ಬೇರೆ ಘಟಕಗಳೆಂದು ಬಗೆದು, ಒಬ್ಬನು ಹೋಗುವಾಗ ಇನ್ನೊಬ್ಬನ ಕಡತವನ್ನು ಅಳಿಸೀತು. ಆದುದರಿಂದಲೇ ಮರ್ಜ್ ಮಾಡ್ಯೂಲ್ ಎಂಬ ಕಟ್ಟು ಹುಟ್ಟಿತು. ಎಂಜಿನನ್ನು ಮಾಡಿದವರೇ ಗುರುತುಸಂಖ್ಯೆಗಳನ್ನೂ ಜಾಗವನ್ನೂ ನಿಗದಿಮಾಡಿ ಅದನ್ನು ಕಟ್ಟಿಕೊಡುತ್ತಾರೆ. ಪ್ರೋಗ್ರಾಮು ಬರೆದವನು ತನ್ನ ಸ್ಥಾಪಕದೊಳಗೆ ಅದನ್ನು ಹಾಗೆಯೇ ಬೆರೆಸಿಕೊಳ್ಳುತ್ತಾನೆ. ಬಿ.ಡಿ.ಇ.ಗೂ ಇಂಥ ಮಾಡ್ಯೂಲು ಇತ್ತು.

ಕಾಲಾನುಕ್ರಮದಲ್ಲಿ ಡಿಸ್ಕೂ ಸ್ಮೃತಿಯೂ ಅಗ್ಗವಾದುವು; ಹಂಚಿಕೊಳ್ಳುವ ಆಸೆಯೇ ಕುಂದಿತು. ೨೦೦೦ದ ವಿಂಡೋಸ್ ತನ್ನ ಮುಖ್ಯ ಕಡತಗಳನ್ನು ಯಾರಾದರೂ ಬದಲಿಸಿದರೆ ಸದ್ದಿಲ್ಲದೆ ಹಿಂದಿನದನ್ನು ತಂದಿಡತೊಡಗಿತು. ೨೦೦೧ರ ಎಕ್ಸ್‌ಪಿಯಲ್ಲಿ ಒಂದೇ ಡಿ.ಎಲ್.ಎಲ್.ನ ಹಲವು ಆವೃತ್ತಿಗಳು ಪಕ್ಕಪಕ್ಕದಲ್ಲಿ ಇರುವಂತಾಯಿತು. ೨೦೦೦ದಲ್ಲೇ ರಿಚರ್ಡ್ ಹಿಪ್ ಎಂಬವರು ಹೊರತಂದ ಎಸ್‌ಕ್ಯೂಲೈಟ್ ಎಂಬ ಎಂಜಿನು ಪ್ರೋಗ್ರಾಮಿನ ಒಡಲಲ್ಲೇ ಸೇರಿಹೋಗಬಲ್ಲದು. ಅದಕ್ಕೆ ರಿಜಿಸ್ಟ್ರಿಯೂ ಬೇಡ, ಸಿಎಫ್‌ಜಿಯೂ ಬೇಡ. ಮನೆಮನೆಗೂ ಸ್ವಂತ ಕೊಪ್ಪರಿಗೆ! ಹಾಗೆಂದು ಇದರಲ್ಲಿ ನಷ್ಟವಿಲ್ಲವೆಂದಲ್ಲ. ಊರೊಟ್ಟಿನ ಪಾತ್ರೆ ತೂತಾದರೆ ಒಮ್ಮೆ ಬೆಸುಗೆ ಹಾಕಿಸಿದರೆ ಎಲ್ಲರಿಗೂ ಆಯಿತು. ಸ್ವಂತ ಪಾತ್ರೆಗಳಾದರೆ ಪ್ರತಿಯೊಬ್ಬರೂ ತಂತಮ್ಮದನ್ನು ಸರಿಪಡಿಸಿಕೊಳ್ಳುವವರೆಗೂ ದೋಷ ಉಳಿದೇ ಇರುತ್ತದೆ. ಹಂಚಿಕೆಯ ತೊಡಕೂ ಪೂರ್ತಿಯಾಗಿ ತೊಲಗಿಲ್ಲ: ಆಫೀಸಿನ ೩೨ ಬಿಟ್ಟಿನ ರೂಪ ಇರುವ ಕಂಪ್ಯೂಟರಿನಲ್ಲಿ ಆಕ್ಸೆಸ್ ಎಂಜಿನಿನ ೬೪ ಬಿಟ್ಟಿನ ರೂಪವನ್ನು ಹಾಕಹೊರಟವರಿಗೆ ಸ್ಥಾಪಕವು ‘ಆಗದು’ ಎಂದು ಹೇಳಿದ್ದು ಅನೇಕರ ಅನುಭವ.

ಬಿ.ಡಿ.ಇ. ೨೦೧೪ರ ಹೊತ್ತಿಗೆ ತನ್ನ ಮೂಲ ಸಾಧನದ ಪೆಟ್ಟಿಗೆಯಿಂದ ಹೊರಬಿದ್ದಿತು. ಆದರೆ ಅದನ್ನು ನಂಬಿದ ಪ್ರೋಗ್ರಾಮುಗಳಿಗೆ ಆಯಸ್ಸು ಹೆಚ್ಚು. ಅಂಥದೊಂದನ್ನು ಹೊಸ ಕಂಪ್ಯೂಟರಿಗೆ ಸಾಗಿಸಬೇಕಾದವರು ಕೋಷ್ಟಕಗಳ ಜೊತೆಗೆ ಹಳೆಯ ಯಂತ್ರದ ಐಡಿಎಪಿಐ೩೨.ಸಿಎಫ್‌ಜಿ ಕಡತವನ್ನೂ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಅದರೊಳಗಣ ಅಡ್ಡಹೆಸರುಗಳನ್ನು ಕಾಗದದ ಮೇಲೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ನೆಟ್ ಕಡತ ಹಳೆಯ ಪದ್ಧತಿಯಂತೆ ಸಿ ಡಿಸ್ಕಿನ ಬುಡದಲ್ಲಿದ್ದರೆ ಅದನ್ನು ಬೇರೆ ಕೋಶಕ್ಕೆ ಸಾಗಿಸತಕ್ಕದ್ದು. ವಿಂಡೋಸ್ ವಿಸ್ಟಾದಿಂದ ಈಚೆಗೆ ಸಾಮಾನ್ಯ ಬಳಕೆದಾರನಿಗೆ ಆ ಬುಡದಲ್ಲಿ ಕಡತ ಬರೆಯುವ ಅಧಿಕಾರವಿಲ್ಲ.