ದೇಶಾವಕಾಶಿಕ ವ್ರತ ಮತ್ತು ಇ-ಮೇಲಿನ ಚಟ

ವ್ರತವೆಂದರೆ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಆಹಾರದ ವಿಚಾರವೆಂದೇ ತಿಳಿಯಲಾಗಿದೆ. ಕಂದಮೂಲವನ್ನು ಮುಟ್ಟದ, ರಾತ್ರಿಭೋಜನವನ್ನು ತ್ಯಜಿಸಿದ ಶ್ರಾವಕನು ಅಷ್ಟಮಿಯ ಉಪವಾಸದ ದಿನವೂ ಗಳಿಗೆಗೊಮ್ಮೆ ಮೊಬೈಲನ್ನು ತೆರೆದು ಇ-ಮೇಲ್ ಬಂದಿತೇ ಎಂದು ನೋಡುತ್ತಾನೆ. ಅವನ ಹೊಟ್ಟೆ ಉಪವಾಸದಲ್ಲಿದೆ, ಕಣ್ಣು ಮಾತ್ರ ಊಟಕ್ಕೆ ಕುಳಿತಿದೆ.

ಹುಡಗಿಯಂಥ ಊರುಗಳಲ್ಲಿ ಹಿಂದೆ ಅಂಚೆಯು ಬಂದರೆ ದಿನಕ್ಕೊಮ್ಮೆ. ಅಂಚೆಯವನು ಹೋದ ಮೇಲೆ ಮರುದಿನದವರೆಗೆ ಕಾಗದದ ಚಿಂತೆಯಿಲ್ಲ. ಅವಸರದ ಸುದ್ದಿಗೆ ತಂತಿಯಿತ್ತು. ಅದೂ 2013ರ ಜುಲೈಯಲ್ಲಿ ನಿಂತಿತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಕಳುಹಿಸಿದ ಇ-ಮೇಲಿಗೆ ಇಂಥ ಹೊತ್ತೆಂಬುದಿಲ್ಲ. ಹತ್ತು ಸಲ ನೋಡಿದರೆ ಏನೂ ಇರುವುದಿಲ್ಲ, ಹನ್ನೊಂದನೆಯ ಸಲ ಪುಣೆಯಲ್ಲಿರುವ ಮಗನ ಪತ್ರವಿರುತ್ತದೆ. ಆ ಒಂದು ಸಲದ ಲಾಭವೇ ಮುಂದಿನ ಹತ್ತು ಸಲದ ಆಸೆಯನ್ನು ಹುಟ್ಟಿಸುತ್ತದೆ. ಜೂಜಿನ ಚಟವೂ ಬೆಳೆಯುವುದು ಹೀಗೆಯೇ. ಸಪ್ತವ್ಯಸನಗಳಲ್ಲಿ ಜೂಜನ್ನು ಮೊದಲು ಎಣಿಸುವುದನ್ನು ವಾಚಕರು ಬಲ್ಲರು.

ಇದಕ್ಕೆ ಒಪ್ಪುವ ವ್ರತವು ದೇಶಾವಕಾಶಿಕ. ತತ್ತ್ವಾರ್ಥಸೂತ್ರವು ಇದನ್ನು ದೇಶವ್ರತವೆಂದು ದಿಗ್ವ್ರತದ ಬಳಿಯಲ್ಲಿಯೇ ಹೇಳುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಶಿಕ್ಷಾವ್ರತಗಳ ಮೊದಲಿಗೆ ಇಡುತ್ತಾರೆ. ಯಾವಜ್ಜೀವ ಹಾಕಿಕೊಂಡ ಎಲ್ಲೆಯನ್ನು ಮನೆ, ಬೀದಿ, ಊರು ಎಂದು ಇನ್ನೂ ಕಿರಿದುಗೊಳಿಸಿ, ಗೊತ್ತಾದ ಕಾಲದವರೆಗೆ ಆಚೆಗಿನ ವ್ಯವಹಾರವನ್ನು ಬಿಡುವುದೇ ಇದರ ಸ್ವರೂಪ. ಹುಡಗಿಯಲ್ಲಿ ಕುಳಿತು ಹೈದರಾಬಾದಿನೊಡನೆ ಕ್ಷಣಕ್ಷಣಕ್ಕೂ ವ್ಯವಹರಿಸುವವನ ದೇಹವು ಎಲ್ಲೆಯೊಳಗಿದ್ದರೂ ಯೋಗವು ಎಲ್ಲೆಯಾಚೆಗಿದೆ.

ಇದರ ಐದು ಅತಿಚಾರಗಳನ್ನು ನೋಡಿರಿ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ಎಲ್ಲೆಯನ್ನು ತಾನು ದಾಟದೆ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಕೆಮ್ಮಿ ಕರೆಯುವುದು, ಮುಖ ತೋರಿಸಿ ಸನ್ನೆ ಮಾಡುವುದು, ಕಲ್ಲೆಸೆದು ಗಮನ ಸೆಳೆಯುವುದು. ಮೊಬೈಲನ್ನು ಕಪಾಟಿನಲ್ಲಿಟ್ಟು, “ನನಗೇನಾದರೂ ಬಂದಿದೆಯೇ ನೋಡು, ತಾಯಿ” ಎಂದು ಸೊಸೆಯನ್ನು ಕೇಳುವುದು ಆನಯನವೇ. “ಈಗ ವ್ರತದಲ್ಲಿದ್ದೇನೆ, ಆಮೇಲೆ ಬರೆಯುವೆ” ಎಂದು ಎರಡು ಸಾಲು ಕಳುಹಿಸುವುದು ಕಲ್ಲೆಸೆದಂತೆ. ವ್ರತ ಮುರಿಯದೆ ವ್ರತಕ್ಕೆ ಕನ್ನ ಹಾಕುವ ಮನುಷ್ಯನ ಜಾಣ್ಮೆಯನ್ನು ಆಚಾರ್ಯರು ಅಂದೇ ಅರಿತಿದ್ದರು!

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕುಶ್ಲೆವ್ ಮತ್ತು ಡನ್ ಎಂಬವರು 124 ಮಂದಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ವಾರ ಇ-ಮೇಲನ್ನು ದಿನಕ್ಕೆ ಮೂರೇ ಸಲ ನೋಡಬೇಕು, ಇನ್ನೊಂದು ವಾರ ಮನಬಂದಷ್ಟು. ಮೂರು ಸಲದ ವಾರದಲ್ಲಿ ಅವರ ಮನಸ್ಸಿನ ಒತ್ತಡವು ಕಡಿಮೆಯಿತ್ತು. ತ್ರಿಸಂಧ್ಯೆಗಳ ಸಾಮಾಯಿಕವನ್ನು ಬಲ್ಲವರಿಗೆ ಈ ಸಂಖ್ಯೆ ಹೊಸದಲ್ಲ. ಸಾಮಾಯಿಕ ಮುಗಿದ ಮೇಲೆಯೇ ಇ-ಮೇಲ್ ಎಂದು ಕ್ರಮವಿಟ್ಟುಕೊಂಡರೆ ಎರಡೂ ನಿಲ್ಲುತ್ತವೆ. ಮೊದಲು ಇ-ಮೇಲ್ ನೋಡಿದವನಿಗೆ ಸಾಮಾಯಿಕದಲ್ಲಿ ಸ್ಮೃತ್ಯನುಪಸ್ಥಾನ ತಪ್ಪದು.

ನೌಕರಿಯಲ್ಲಿರುವ ಮಕ್ಕಳಿಗೆ ಇದನ್ನು ಹೇರಬಾರದು. ಅವರ ಎಲ್ಲೆಯನ್ನು ಕಚೇರಿಯ ವೇಳೆಯ ಹೊರಗೆ ಹಾಕಿಕೊಳ್ಳಲಿ. ಅವಸರವಿದ್ದರೆ ದೂರವಾಣಿಯಲ್ಲಿ ಕರೆಯಿರೆಂದು ಬೇಕಾದವರಿಗೆ ವ್ರತಕ್ಕೆ ಮೊದಲೇ ತಿಳಿಸಿ, ಇ-ಮೇಲಿನ ಗಂಟೆಯ ಸದ್ದನ್ನು ನಿಲ್ಲಿಸಿರಿ. ಆರಂಭದಲ್ಲಿ ಯಮ ಬೇಡ, ಕಾಲಮಿತಿಯ ನಿಯಮ ಸಾಕು: ಚತುರ್ದಶಿಯಂದು ಜಿನಮಂದಿರದಲ್ಲಿ ಒಂದು ಪಕ್ಷದ ಮಟ್ಟಿಗೆ ಸ್ವೀಕರಿಸಿ, ಮುಂದಿನ ಚತುರ್ದಶಿಗೆ ಮುಗಿಸಿ, ಮನಸ್ಸು ಒಪ್ಪಿದರೆ ಅಲ್ಲಿಯೇ ಮತ್ತೊಂದು ಪಕ್ಷಕ್ಕೆ ಹಿಡಿಯಬಹುದು.