ಒಗೆಯುವವರು ಯಾರು ಎಂದು ಮೊದಲು ಕೇಳು

ಅಕ್ಕನ ಮಗುವಿಗೆ ಸ್ವೆಟರ್ ಹೆಣೆಯಲು ಹೊರಟಿದ್ದೀಯ, ಸಂತೋಷ ಕಣಮ್ಮ. ಆದರೆ ಅಂಗಡಿಗೆ ಹೋಗಿ ಬಣ್ಣಕ್ಕೆ ಮರುಳಾಗುವ ಮೊದಲು ಎರಡು ಪ್ರಶ್ನೆಗೆ ಉತ್ತರ ಇಟ್ಟುಕೋ. ಯಾವ ತಿಂಗಳಲ್ಲಿ ತೊಡಿಸುತ್ತಾರೆ? ಯಾರು ಒಗೆಯುತ್ತಾರೆ? ಹೊಸದಾಗಿ ಕಲಿತವರೆಲ್ಲ ಡಿಸೈನಿನಿಂದ ಶುರು ಮಾಡುತ್ತಾರೆ. ನೀನು ಒಗೆಯುವ ಕಲ್ಲಿನಿಂದ ಶುರು ಮಾಡು.

ಹೆರಿಗೆ ಏಪ್ರಿಲ್ ಎಂದಿದ್ದಾರೆ ತಾನೆ? ಏಪ್ರಿಲ್ಲಿನ ಸೆಕೆಗೆ ಹುಟ್ಟುವ ಕೂಸಿಗೆ ಉಲ್ಲನ್ ಯಾಕೆ? ಹಳೇ ಹತ್ತಿ ಸೀರೆಯಲ್ಲಿ ಹೊಲಿದ ಅಂಗಿ ಸಾಕು. ಚಳಿ ಬೀಳುವ ಡಿಸೆಂಬರಿಗೆ ಅದಕ್ಕೆ ಎಂಟು ತಿಂಗಳು. ಆ ವಯಸ್ಸಿಗೆ ಎದೆಯ ಸುತ್ತಳತೆ ಹೆಚ್ಚುಕಡಿಮೆ 44 ಸೆಂಟಿಮೀಟರ್, ತಲೆಯದೂ ಸುಮಾರು ಅಷ್ಟೇ. ಒಳಗೆ ಅಂಗಿ ಇರುತ್ತೆ, ಕೈ ಆಡಬೇಕು, ಹಾಗಾಗಿ ಸ್ವೆಟರ್ 50 ಸೆಂಟಿಮೀಟರ್ ಇರಲಿ. ಹುಟ್ಟಿದ ಕೂಸಿನ ಅಳತೆಗೆ ಹೆಣೆದದ್ದು ಬಾಣಂತನ ಮುಗಿಯುವುದರೊಳಗೆ ಟ್ರಂಕು ಸೇರುತ್ತೆ. ಕುಲಾವಿಯ ಲೆಕ್ಕವೇ ಬೇರೆ. ಅದು ಹಿಗ್ಗಿ ತಲೆಗೆ ಕೂರಬೇಕು, ಆದ್ದರಿಂದ ತಲೆಗಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆಯೇ ಇರಬೇಕು. ಮನೆಯೊಳಗೆ ಮಲಗಿಸುವಾಗ ಮಾತ್ರ ಅದನ್ನು ತೆಗೆಯಲು ಹೇಳು, ಮೈ ಕಾವೇರುತ್ತೆ ಅಂತ ಮಕ್ಕಳ ಡಾಕ್ಟರುಗಳು ಈಗ ಬೇಡ ಅನ್ನುತ್ತಾರೆ. ನನ್ನ ವಾರಗೆಯವರು ಇದನ್ನು ಒಪ್ಪುವುದಿಲ್ಲ, ಬಿಡು.

ಇನ್ನು ಒಗೆಯುವ ಮಾತು. ನಿನ್ನ ಅಕ್ಕ ಕೆಲಸಕ್ಕೆ ಹೋಗುವವಳು. ಮಗು ಹಾಲು ಕಕ್ಕಿದ ಬಟ್ಟೆಯನ್ನೆಲ್ಲ ಒಟ್ಟಿಗೆ ಮಷೀನಿಗೆ ತುರುಕುತ್ತಾಳೆ. ಅವಳ ತಪ್ಪೇನಿಲ್ಲ. ಆದರೆ ಕುರಿಯ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ಕುಲುಕಾಡಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು, ಸ್ವೆಟರ್ ಗಟ್ಟಿಯಾಗಿ ಮುದುರಿ, ಗೊಂಬೆಗೆ ಹಾಕುವಷ್ಟಾಗುತ್ತೆ. ಮತ್ತೆ ಬಿಡಿಸಲು ಬರುವುದಿಲ್ಲ. ಉಣ್ಣೆಯೇ ಬೇಕೆಂದರೆ ‘ಸೂಪರ್‌ವಾಶ್’ ಎಂದು ಬರೆದ ಮೆರಿನೋ ಹುಡುಕು, ದುಡ್ಡು ಜಾಸ್ತಿ. ನಮ್ಮ ನಾಡಿನ ಉಣ್ಣೆ ಯಾಕಾಗಬಾರದು ಎಂದು ಕೇಳುತ್ತೀಯೇನೋ. ಚಳ್ಳಕೆರೆ ಕಡೆಯ ಕಂಬಳಿ ಮುಟ್ಟಿ ನೋಡಿದ್ದೀಯ? ದಖನಿ ಕುರಿಯ ಎಳೆ ಒರಟು. ಮಳೆಗಾಳಿಗೆ ಹೊದೆಯಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ, ಕೂಸಿನ ಕುತ್ತಿಗೆಗೆ ಮಾತ್ರ ಬೇಡ.

ಅಂಗಡಿಯವನು ‘ಉಲ್ಲನ್’ ಎಂದು ಕೊಡುವುದರಲ್ಲಿ ಹೆಚ್ಚಿನದೆಲ್ಲ ಆಕ್ರಿಲಿಕ್. ಲೇಬಲ್ ಓದು. ಮನೆಯಲ್ಲಿ ಸಿಕ್ಕಿದ ಹಳೇ ಉಂಡೆಗೆ ಲೇಬಲ್ ಇಲ್ಲದಿದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡು. ಉಣ್ಣೆಗೆ ಕೂದಲು ಸುಟ್ಟ ವಾಸನೆ, ಆರಿದ ಮೇಲೆ ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಆಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತೆ. ಹಾಗಂತ ಆಕ್ರಿಲಿಕ್ ಕಂಡು ಮೂಗು ಮುರಿಯಬೇಡ. ಮೆತ್ತಗಿರುತ್ತೆ, ಮಷೀನು ತಡೆಯುತ್ತೆ, ನುಸಿ ಮುಟ್ಟುವುದಿಲ್ಲ. ದೋಷ ಎರಡು. ಇಸ್ತ್ರಿ ತಾಗಿದರೆ ಜೀವ ಹೋಗಿ ಜೋತುಬೀಳುತ್ತೆ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತೆ. ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯುವ ಮನೆಯಲ್ಲವೇ ನಿಮ್ಮದು? ಕೆಂಡದ ಹತ್ತಿರ ಕೂಸಿನ ಮೈಮೇಲೆ ಅದಿರಬಾರದು ಎಂದು ಅಕ್ಕನಿಗೆ ಬಾಯಿಬಿಟ್ಟು ಹೇಳು.

ಬೇಕಾದ ದಾರವನ್ನು ಒಂದೇ ಸಲ ಕೊಂಡುಬಿಡು, ಒಂದು ಉಂಡೆ ಹೆಚ್ಚಿಗೇ ಇರಲಿ. ಲೇಬಲ್ ಮೇಲೆ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್ ಅಂತ ಇರುತ್ತೆ, ಎಲ್ಲ ಉಂಡೆಯಲ್ಲೂ ಅದೂ ಒಂದೇ ಇರಬೇಕು. ಬೇರೆಯಾಗಿದ್ದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ, ಬಿಸಿಲಿಗೆ ಬಂದಾಗ ಎದೆಯ ಮೇಲೆ ಅಡ್ಡಪಟ್ಟಿ ಕಾಣುತ್ತೆ.

ಕಡ್ಡಿಯ ನಂಬರಿನಲ್ಲಿ ಮೋಸಹೋಗಬೇಡ. ನಮ್ಮ ಅಂಗಡಿಗಳಲ್ಲಿ ಇನ್ನೂ ನಡೆಯುವುದು ಹಳೇ ಇಂಗ್ಲಿಷರ ಲೆಕ್ಕ. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದವರದ್ದು ತಿರುಗಮುರುಗ. ನಮ್ಮ 8ನೇ ನಂಬರ್ 4 ಮಿಲಿಮೀಟರ್, ಅವರ 8ನೇ ನಂಬರ್ 5. ನಮ್ಮ 10 ಎಂದರೆ 3.25, ಅವರ 10 ಎಂದರೆ 6. ವಿಡಿಯೋದಲ್ಲಿ ಕಲಿಸುವವರು ನಂಬರ್ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ, ಮಿಲಿಮೀಟರ್ ಹೇಳಿದರೆ ಬರೆದುಕೋ.

ಈಗ ಯಾರಿಗೂ ಇಷ್ಟವಿಲ್ಲದ ಕೆಲಸ. ಸ್ವೆಟರಿಗೆ ಕೈಹಾಕುವ ಮೊದಲು 15 ಸೆಂಟಿಮೀಟರಿನ ಒಂದು ಚೌಕ ಹೆಣೆ. ಅದನ್ನು ನಿನ್ನ ಅಕ್ಕ ಹೇಗೆ ಒಗೆಯುತ್ತಾಳೋ ಹಾಗೇ ಒಗೆ, ಅವಳು ಮಷೀನಿಗೆ ಹಾಕುವವಳಾದರೆ ನೀನೂ ಮಷೀನಿಗೇ ಹಾಕು. ಒಣಗಿದ ಮೇಲೆ ಎಳೆಯದೆ ಹಾಸಿ, ಅಂಚು ಬಿಟ್ಟು, ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಇದೆ ಎಣಿಸು. ಪುಸ್ತಕದಲ್ಲಿ 22 ಕುಣಿಕೆ ಎಂದಿದ್ದರೆ 50 ಸೆಂಟಿಮೀಟರಿಗೆ 110 ಕುಣಿಕೆ ಹಾಕಲು ಹೇಳಿರುತ್ತಾರೆ. ನಿನ್ನ ಕೈ ಬಿಗಿ, 25 ಬಂತು ಎಂದಿಟ್ಟುಕೋ. ಅದೇ 110 ಕುಣಿಕೆ ನಿನ್ನ ಕೈಯಲ್ಲಿ 44 ಸೆಂಟಿಮೀಟರ್ ಆಗುತ್ತೆ. ಮಗುವಿನ ಬರಿಮೈಗೆ ಸರಿಹೋಯಿತು, ಅಂಗಿಗೆ ಜಾಗವಿಲ್ಲ. ಬರೀ ಮೂರು ಕುಣಿಕೆಯ ವ್ಯತ್ಯಾಸ ನೋಡು. ಹಾಗಂತ ಕೈ ಸಡಿಲ ಮಾಡಿಕೊಂಡು ಹೆಣೆಯಲು ಹೋಗಬೇಡ. ನಾಲ್ಕು ಸಾಲು ನೆನಪಿರುತ್ತೆ, ಟೀವಿ ಹಾಕಿದೊಡನೆ ಕೈ ತನ್ನ ಹಳೇ ದಾರಿ ಹಿಡಿಯುತ್ತೆ. ಕಡ್ಡಿ ದಪ್ಪದ್ದು ಮಾಡಿ ಇನ್ನೊಂದು ಚೌಕ ಹೆಣೆ. ಚೌಕ ದಂಡ ಎನ್ನುವವರು ಪೂರ್ತಿ ಸ್ವೆಟರನ್ನೇ ಚೌಕವಾಗಿ ಹೆಣೆಯುತ್ತಾರೆ.

ಈ ಅಳತೆ ಕೈಗೆ ಬಂದರೆ ಪ್ಯಾಟರ್ನಿನ ಹಂಗೇ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್, 1971ರ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಬರೆದವರು, ಹೆಣೆಯುವವರಿಗೆ ಕಲಿಸಿದ್ದು ಇದನ್ನೇ. ಅವರ ಲೆಕ್ಕದಲ್ಲಿ ಎದೆಯ ಸುತ್ತಿನ ಕುಣಿಕೆಗಳು ನೂರು, ಮಿಕ್ಕಿದ್ದೆಲ್ಲ ಅದರ ಶೇಕಡಾ: ಮಣಿಕಟ್ಟಿಗೆ 20, ಕುತ್ತಿಗೆಗೆ 40. ದೊಡ್ಡವರಿಗೆ ಸೊಗಸಾಗಿ ಕೂರುವ ಲೆಕ್ಕ. ಕೂಸಿಗೆ ಹಾಕಿ ನೋಡು, 50 ಸೆಂಟಿಮೀಟರಿನ ಸ್ವೆಟರಿಗೆ ಕುತ್ತಿಗೆ 20 ಬಂತು, ತಲೆ 44. ಎಷ್ಟು ಹಿಗ್ಗಿಸಿದರೂ ತೂರಿಸುವಾಗ ಮಗು ಅತ್ತು ಕೆಂಪಾಗುತ್ತೆ. ಆದ್ದರಿಂದ ಮಕ್ಕಳಿಗೆ ಮುಂದೆ ತೆರೆದು ಗುಂಡಿ ಇಡು, ಇಲ್ಲವೇ ಒಂದು ಹೆಗಲಲ್ಲಾದರೂ ಗುಂಡಿ ಇರಲಿ.

ಮೊದಲ ಸಾಲಿನ ಕುಣಿಕೆ ಹಾಕುವಾಗ ಒಂದು ಅಳತೆ ದಪ್ಪದ ಕಡ್ಡಿ ತಗೋ, ಮುಗಿಸುವ ಸಾಲಿಗೂ ಹಾಗೇ. ಕುತ್ತಿಗೆ, ಮಣಿಕಟ್ಟು ಹಿಡಿದುಕೊಳ್ಳುವುದು ಬಹುಪಾಲು ಈ ಎರಡು ಸಾಲು ಬಿಗಿಯಾದ್ದರಿಂದ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯ ಅಂಚು ಸುರುಳಿ ಸುತ್ತುತ್ತೆ, ಅದು ನಿನ್ನ ಕೈದೋಷವಲ್ಲ, ಆ ಹೆಣಿಗೆಯ ಗುಣ. ಎರಡೂ ಕಡೆ ನಾಲ್ಕೈದು ಕುಣಿಕೆಯನ್ನು ಯಾವಾಗಲೂ ಸೀದಾ ಹೆಣೆದರೆ ಮಟ್ಟಸವಾಗಿ ಕೂರುತ್ತೆ. ಹೊಸ ಉಂಡೆಯನ್ನು ಸಾಲಿನ ತುದಿಯಲ್ಲೇ ಸೇರಿಸು. ಒಂದು ಸಾಲಿಗೆ ಬಟ್ಟೆಯ ಅಗಲದ ಸುಮಾರು ಮೂರರಷ್ಟು ದಾರ ಬೇಕು. ಅಷ್ಟಿಲ್ಲದಿದ್ದರೆ ಸಾಲು ಶುರು ಮಾಡಬೇಡ.

ತಪ್ಪಿದರೆ ಬಿಚ್ಚು. ಬಿಚ್ಚುವುದಕ್ಕೆ ಅಳುವವರನ್ನು ನೋಡಿದರೆ ನನಗೆ ನಗು ಬರುತ್ತೆ. ನಮ್ಮ ಮನೆಗಳಲ್ಲಿ ಅಣ್ಣನ ಹಳೇ ಸ್ವೆಟರ್ ಬಿಚ್ಚಿ ತಮ್ಮನಿಗೆ ಹೆಣೆಯುತ್ತಿದ್ದರು, ದಾರ ಸೊಟ್ಟಗಿದ್ದರೆ ಲಡಿ ಮಾಡಿ, ಒದ್ದೆ ಮಾಡಿ, ಕೆಳಗೆ ಭಾರ ಕಟ್ಟಿ ಒಣಗಿಸಿದರೆ ನೆಟ್ಟಗಾಗುತ್ತೆ. ಒಂದೇ ಒಂದು ಕುಣಿಕೆ ಜಾರಿದ್ದರೆ ಬಿಚ್ಚುವುದೂ ಬೇಡ, ಕ್ರೋಷಾ ಕಡ್ಡಿಯಲ್ಲಿ ಏಣಿ ಹತ್ತಿದ ಹಾಗೆ ಮೇಲೆ ಎತ್ತು. ಜರಡಿ ಡಿಸೈನ್ ಹೆಣೆಯುವ ಧೈರ್ಯ ಬಂದ ದಿನ, ಸರಿಯಾಗಿ ಮುಗಿದ ಸಾಲಿನ ಕುಣಿಕೆಗಳೊಳಗೆ ಬೇರೆ ಬಣ್ಣದ ಹೊಲಿಗೆ ನೂಲು ಪೋಣಿಸಿಡು. ಮುಂದೆ ಎಡವಿದರೂ ಅಲ್ಲಿಗಿಂತ ಕೆಳಗೆ ಬಿಚ್ಚಿಹೋಗುವುದಿಲ್ಲ. ಆದರೆ ಈ ಮಗುವಿಗೆ ಜರಡಿ ಬೇಡ, ತೂತಿಗೆ ಬೆರಳು ಸಿಕ್ಕುತ್ತೆ. ಒಳಗಡೆ ಉದ್ದುದ್ದ ದಾರ ಜೋಲುವ ಎರಡು ಬಣ್ಣದ ಚಿತ್ತಾರವೂ ಬೇಡ. ಕುತ್ತಿಗೆಗೆ ಕಟ್ಟುವ ದಾರ, ಬಾಯಿಗೆ ಹೋಗುವ ನವಿರಿನ ಉಲ್ಲನ್ ಯಾವುದೂ ಬೇಡ. ಗುಂಡಿಯನ್ನು ಹಲ್ಲಲ್ಲಿ ಎಳೆದರೂ ಕೀಳದ ಹಾಗೆ ಹೊಲಿ.

ಇದರಿಂದ ದುಡ್ಡು ಉಳಿಯುತ್ತೆ ಎಂದುಕೊಂಡಿದ್ದರೆ ಈಗಲೇ ಮರೆತುಬಿಡು. ಚಳಿಗಾಲದಲ್ಲಿ ಟಿಬೆಟಿನವರು ಫುಟ್‌ಪಾತಿನಲ್ಲಿ ಹರವುವ ಸ್ವೆಟರುಗಳಲ್ಲಿ ಬಹಳಷ್ಟು ಲೂಧಿಯಾನದ ಮಷೀನಿನವು, ಆ ಬೆಲೆಗೆ ಒಮ್ಮೊಮ್ಮೆ ನಿನಗೆ ಒಳ್ಳೆಯ ದಾರವೂ ಬರುವುದಿಲ್ಲ.

ಎರಡನೆಯದನ್ನು ನಿಮ್ಮಪ್ಪನಿಗೆ ಎಂದಿದ್ದೆ. ಬೆಂಗಳೂರಿನ ಚಳಿಗೆ ಅವರಿಗೆ ತೋಳಿಲ್ಲದ್ದು ಸಾಕು, ದಾರವೂ ಉಳಿಯುತ್ತೆ, ಬೇಸರವೂ ತಪ್ಪುತ್ತೆ, ಎರಡನೇ ತೋಳಿನಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಟೇಪು ಹಿಡಿದರೆ ಆ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಅವರು ವಾಕಿಂಗಿಗೆ ಹೋದಾಗ ದಿನಾ ಹಾಕುವ ಹಳೇ ಸ್ವೆಟರನ್ನು ಮಂಚದ ಮೇಲೆ ಹಾಸಿ ಅಳತೆ ತಗೋ.