ಕೊನೆಯ ಸಾಲಿನ ಕೇಳುಗರು

ಮಾತಿಗೆ ಇಬ್ಬರು ಬೇಕು: ಆಡುವವನೊಬ್ಬ, ಕೇಳುವವನೊಬ್ಬ. ಮನೆಯ ಜಗಲಿಯ ಮೇಲೆ ಇಬ್ಬರು ಕುಳಿತು ಮಾತನಾಡುವಾಗ ಒಬ್ಬನಿಗೆ ಕೇಳಿಸದಿದ್ದರೆ, “ಏನೆಂದೆ?” ಎಂದು ಮತ್ತೆ ಕೇಳಬಹುದು. ನೂರಾರು ಜನ ನೆರೆದ ಸಭೆಯಲ್ಲಿ ಹಾಗೆ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಸಭೆಯಲ್ಲಿ ತನ್ನ ಮಾತು ಎಲ್ಲರನ್ನೂ ಮುಟ್ಟುವಂತೆ ನೋಡಿಕೊಳ್ಳುವ ಹೊಣೆ ಭಾಷಣಕಾರನದೇ ಆಗಿದೆ.

ಹಿಂದಿನ ಕಾಲದಲ್ಲಿ ಈ ಹೊಣೆಯನ್ನು ಕಂಠವೊಂದೇ ಹೊರಬೇಕಾಗಿತ್ತು. ಯಕ್ಷಗಾನದ ಭಾಗವತರೂ ನಾಟಕ ಕಂಪನಿಗಳ ನಟರೂ ದೀರ್ಘಕಾಲದ ಸಾಧನೆಯಿಂದ ತಮ್ಮ ಕಂಠವನ್ನು ಹದಗೊಳಿಸಿಕೊಂಡು, ದೂರದಲ್ಲಿ ಕುಳಿತವರಿಗೂ ಕೇಳಿಸುವಂತೆ ಹಾಡುತ್ತಿದ್ದರು. ಆದರೆ ಅಂತಹ ಕಂಠ ಎಲ್ಲರಿಗೂ ಲಭಿಸುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿನ ನೆರವು ದೊರೆತ ಮೇಲೆ ಈ ತೊಡಕು ನಿವಾರಣೆಯಾಯಿತು. 1919ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರು ಸ್ಯಾನ್ ಡಿಯಾಗೋ ನಗರದ ಕ್ರೀಡಾಂಗಣದಲ್ಲಿ ಧ್ವನಿವರ್ಧಕದ ಮೂಲಕ ಸುಮಾರು 50,000 ಜನರನ್ನು ಉದ್ದೇಶಿಸಿ ಮಾತನಾಡಿದರು.

ಈ ಸಾಧನದ ತತ್ತ್ವ ಸರಳವಾದುದು. ಮೈಕು ಧ್ವನಿಯ ಕಂಪನಗಳನ್ನು ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುತ್ತದೆ. ವರ್ಧಕವು ಅವುಗಳ ಬಲವನ್ನು ಹೆಚ್ಚಿಸುತ್ತದೆ. ಸ್ಪೀಕರು ಅವನ್ನು ಮರಳಿ ಧ್ವನಿಯಾಗಿಸುತ್ತದೆ.

ಕಂಠ ಗಟ್ಟಿಯಾಗಿರುವವರಿಗೂ ಇದು ಏಕೆ ಬೇಕು? ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದು ಮೀಟರು ದೂರದಲ್ಲಿರುವವನ ಕಿವಿಗೆ ತಲಪುವ ತೀವ್ರತೆಗಿಂತ ಎಂಟು ಮೀಟರು ದೂರದಲ್ಲಿರುವವನಿಗೆ ತಲಪುವುದು ಅರುವತ್ತನಾಲ್ಕನೆಯ ಒಂದು ಪಾಲು ಮಾತ್ರ. ಸಭಾಭವನದೊಳಗೆ ಗೋಡೆಗಳಿಂದ ಮರಳುವ ಧ್ವನಿ ಮಾತಿನೊಡನೆ ಬೆರೆತು ಅದನ್ನು ಮಸುಕುಗೊಳಿಸುತ್ತದೆ. ಇದರ ಮೇಲೆ ಪಂಖದ ಸದ್ದು, ಬೀದಿಯ ಗದ್ದಲ ಬೇರೆ.

ಕೂಗಿ ಹೇಳಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಕೂಗಿದಾಗ ಹೆಚ್ಚಾಗಿ ಬಲಗೊಳ್ಳುವುವು ಸ್ವರಗಳು. ವ್ಯಂಜನಗಳು ಅಷ್ಟಾಗಿ ಬಲಗೊಳ್ಳುವುದಿಲ್ಲ. ಕಾಲು, ಸಾಲು, ಹಾಲು, ಪಾಲು ಎಂಬ ಮಾತುಗಳನ್ನು ಗಮನಿಸಿರಿ. ಇವುಗಳಲ್ಲಿ ಭೇದವನ್ನುಂಟುಮಾಡುವುದು ಮೊದಲಿನ ವ್ಯಂಜನವೊಂದೇ. ವಯಸ್ಸಾದಂತೆ ಕಿವಿಯು ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವೃತ್ತಿಯ ಸೂಕ್ಷ್ಮ ಧ್ವನಿಗಳನ್ನು. ಸಕಾರದಂತಹ ವ್ಯಂಜನಗಳು ಈ ಗುಂಪಿಗೆ ಸೇರಿದವು. “ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ” ಎಂದು ಹಿರಿಯರು ಹೇಳುವುದರ ಕಾರಣ ಇದೇ. ಮೈಕಿನ ಮುಂದೆ ಸಹಜ ದನಿಯಲ್ಲಿ, ಬಿಡಿಸಿ ಆಡಿದ ಮಾತು ಅಂತಹವರಿಗೆ ಕೂಗಿಗಿಂತ ಹೆಚ್ಚು ಉಪಕಾರಿ.

ಚಿಕಿತ್ಸೆಯ ಅಥವಾ ಸಾಧನಗಳ ನೆರವು ಬೇಕಾಗುವಷ್ಟು ಶ್ರವಣದೋಷವುಳ್ಳವರು ಲೋಕದಲ್ಲಿ 43 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿತು. ಇಂತಹವರ ಪರೀಕ್ಷೆ, ಚಿಕಿತ್ಸೆಗಳಿಗಾಗಿ ಮೈಸೂರಿನಲ್ಲಿ 1965ರಲ್ಲಿಯೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಶ್ರವಣ ಸಾಧನವು ಹತ್ತಿರದ ಮಾತಿಗೆ ಚೆನ್ನಾಗಿ ನೆರವಾಗುತ್ತದೆ. ದೂರದ ಮಾತಿನೊಡನೆ ಸುತ್ತಲಿನ ಗದ್ದಲವನ್ನೂ ಹಿಗ್ಗಿಸುತ್ತದೆ. ಕೆಲವು ಸಭಾಭವನಗಳಲ್ಲಿ ಸುತ್ತಲೂ ತಂತಿಯೊಂದನ್ನು ಹಾಯಿಸಿ, ಮೈಕಿನ ಸಂಕೇತವು ಕಾಂತಕ್ಷೇತ್ರದ ಮೂಲಕ ತಕ್ಕ ಸುರುಳಿಯುಳ್ಳ ಶ್ರವಣ ಸಾಧನವನ್ನು ನೇರವಾಗಿ ಸೇರುವಂತೆ ಏರ್ಪಡಿಸಿರುತ್ತಾರೆ. ಭಾಷಣಕಾರನು ಮೈಕನ್ನು ಬದಿಗಿಟ್ಟರೆ ಈ ಏರ್ಪಾಡೆಲ್ಲವೂ ವ್ಯರ್ಥ.

“ನನ್ನ ಮಾತು ಎಲ್ಲರಿಗೂ ಕೇಳಿಸುತ್ತಿದೆಯಷ್ಟೆ?” ಎಂದು ಕೇಳಿ, “ಹೌದು” ಎಂಬ ಉತ್ತರ ಬಂದೊಡನೆ ಮೈಕನ್ನು ಸರಿಸುವವರುಂಟು. ಆ ಉತ್ತರ ಕೊಟ್ಟವರು ಕೇಳಿಸಿಕೊಂಡವರು. ಕೇಳಿಸದವರಿಗೆ ಪ್ರಶ್ನೆಯೇ ಕೇಳಿಸಿರುವುದಿಲ್ಲ; ಅರೆಬರೆ ಕೇಳಿಸಿದವರು ತಮ್ಮ ಕೊರತೆಯನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದುವಾಗ ಹಿಂದೆ ಕುಳಿತ ವೃದ್ಧೆಗೆ ತನ್ನ ಹೆಸರು ಇದೆಯೋ ಇಲ್ಲವೋ ತಿಳಿಯದೆ ಹೋದರೆ, ಆಕೆ ಆಕ್ಷೇಪಣೆಯನ್ನು ಹೇಗೆ ಸಲ್ಲಿಸಿಯಾಳು? ಸಭೆಗೆ ಬಂದೂ ಆಕೆ ಸಭೆಯ ಹೊರಗೇ ಉಳಿದಂತಾಯಿತು.

ಮೈಕನ್ನು ಬಳಸುವುದಕ್ಕೂ ಕ್ರಮವುಂಟು. ಅದು ಬಾಯಿಂದ ಸುಮಾರು ಒಂದು ಗೇಣಿನೊಳಗಿರಬೇಕು; ಮುಖವನ್ನು ಅತ್ತಿತ್ತ ಹೊರಳಿಸಬಾರದು. ತುಟಿಗಳ ಚಲನೆಯನ್ನು ನೋಡಿ ಗ್ರಹಿಸುವವರಿರುವುದರಿಂದ ಮುಖ ಮರೆಯಾಗಬಾರದು. ಸಭಿಕರು ಪ್ರಶ್ನೆ ಕೇಳಿದಾಗ ಅವರಿಗೂ ಮೈಕನ್ನು ಕೊಡಬೇಕು, ಇಲ್ಲವೆ ಪ್ರಶ್ನೆಯನ್ನು ಮೈಕಿನಲ್ಲಿ ಪುನಃ ಹೇಳಿ ಉತ್ತರಿಸಬೇಕು. ಪೂರ್ಣ ಕಿವುಡುತನವುಳ್ಳವರಿಗೆ ಮೈಕು ಸಾಲದು. ಅವರಿಗೆ ಸಂಜ್ಞಾಭಾಷೆಯ ಅಥವಾ ಬರೆಹದ ನೆರವು ಬೇಕು. ಸ್ಪೀಕರಿನ ಧ್ವನಿ ಸಭೆಯ ಎಲ್ಲೆಯನ್ನು ಮೀರಿ ನೆರೆಯವರ ನಿದ್ರೆಯನ್ನು ಕೆಡಿಸಬಾರದು. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು 2000ದ ಶಬ್ದಮಾಲಿನ್ಯ ನಿಯಮಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ.

ಮೈಕನ್ನು ಹಿಡಿಯುವುದು ಆಡಂಬರವೂ ಅಲ್ಲ, ಕಂಠದ ದೌರ್ಬಲ್ಯದ ಗುರುತೂ ಅಲ್ಲ. ಅದು ಕೇಳಲು ಬಂದವರಿಗೆ ಸಲ್ಲಿಸುವ ಗೌರವ. ಮುಂದೆ ಶಾಲೆಯ ಸಮಾರಂಭದಲ್ಲಾಗಲಿ ಊರಿನ ಸಭೆಯಲ್ಲಾಗಲಿ ಮಾತನಾಡಲು ಎದ್ದು ನಿಲ್ಲುವ ಪ್ರತಿಯೊಬ್ಬನೂ ಮೊದಲು ನೋಡಬೇಕಾದುದು ಕೊನೆಯ ಸಾಲಿನ ಕಡೆಗೆ.